ಲಾಗಿನ್ ಪರದೆಯನ್ನು ಕಟ್ಟಿಕೊಟ್ಟ ಬೇಸಿಗೆ

ಚಿಂತಾಮಣಿಯ ಆ ಗ್ರಂಥಾಲಯದ ಕಂಪ್ಯೂಟರ್ ಕೋಣೆಯನ್ನು ಆಗತಾನೇ ಒರೆಸಿದ್ದರು. ಬಾಗಿಲಲ್ಲೇ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯಿತು. ನನ್ನ ಹಿಂದೆ ಬರುತ್ತಿದ್ದ ಅಮ್ಮ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಒಂದಿಷ್ಟು ಎತ್ತಿ ಹಿಡಿದು, ಕಾಲು ತೊಳೆಯಲು ನೀರು ಎಲ್ಲಿಟ್ಟಿದ್ದಾರೆ ಎಂದು ಅತ್ತಿತ್ತ ನೋಡಿದಳು.

"ಇದು ಹುಳು ಮನೆ ಅಲ್ಲಮ್ಮ" ಎಂದೆ.

"ವಾಸನೆ ಅದೇ ತಾನೆ" ಎಂದಳು.

ಅವಳ ಮಾತು ನಿಜ. ವಾಸನೆ ಅದೇ. ನನಗೂ ಆ ವಾಸನೆಗೆ ನೆನಪಾಗುವುದು ಒಂದೇ ಒಂದು ಬೇಸಿಗೆ. ವಾರವೆಲ್ಲ ಚಿಕ್ಕಬಳ್ಳಾಪುರದ ಕಾಲೇಜಿನ ಲ್ಯಾಬಿನಲ್ಲಿ ಒಂದು ಲಾಗಿನ್ ಪರದೆಯ ಜೊತೆ ಗುದ್ದಾಡಿ, ಭಾನುವಾರ ಸಾದಲಿಗೆ ಬಂದು ಅಮ್ಮನ ರೇಷ್ಮೆಹುಳು ಮನೆಯ ಬಾಗಿಲಲ್ಲಿ ಕಾಲು ತೊಳೆದುಕೊಂಡು ನಿಲ್ಲುತ್ತಿದ್ದ ಬೇಸಿಗೆ.

ಸಾದಲಿಯಲ್ಲಿ ನಮ್ಮದು ಚಾಕಿ ಮನೆ. ಮೊಟ್ಟೆಯೊಡೆದು ಬಂದ ರೇಷ್ಮೆಹುಳು ಇರುವೆಯಷ್ಟೇ ಸಣ್ಣದಿರುತ್ತದೆ. ಅದನ್ನು ಎಳೆಯ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕಿ ಎರಡನೇ ಜ್ವರದ ತನಕ ಸಾಕಿ, ಆಮೇಲೆ ಸುತ್ತಲ ಊರಿನ ರೈತರಿಗೆ ಕೊಡುವುದು ಅಮ್ಮನ ಕಸುಬು. ಹುಳು ಮೇಯುವುದನ್ನು ನಿಲ್ಲಿಸಿ ಪೊರೆ ಕಳಚುವ ಹೊತ್ತಿಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಮೂರನೇ ಮತ್ತು ನಾಲ್ಕನೇ ಜ್ವರ ಒಯ್ದವರ ಮನೆಯಲ್ಲಿ. ಗೂಡು ಕಟ್ಟುವುದೂ ಅಲ್ಲೇ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹೋಗುವಾಗ ಅದು ಅವರ ಬೆಳೆ, ನಮ್ಮದಲ್ಲ.

ಅಮ್ಮನಿಗೆ ಎರಡು ಕಟ್ಟುನಿಟ್ಟು. ಮೊದಲನೆಯದು, ಹುಳುವಿಗೆ ರೋಗ ತಗುಲದಂತೆ, ಹುಳು ಮನೆಯ ಬಾಗಿಲಲ್ಲಿ ಯಾರೇ ಬರಲಿ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲು ಕೈ ತೊಳೆಯಬೇಕು. ರೇಷ್ಮೆ ಇಲಾಖೆಯ ಅಧಿಕಾರಿಗೂ ವಿನಾಯ್ತಿ ಇಲ್ಲ. ಎರಡನೆಯದು, ಕೊಟ್ಟ ಮೇಲೆ ಆ ಹುಳುವನ್ನು ನಮ್ಮದು ಅನ್ನಬಾರದು. ಮೂರನೇ ಜ್ವರ ಮುಗಿಸಿ ಹುಳು ಎದ್ದ ದಿನ ಅವಳು ಹುಳು ಒಯ್ದ ಪ್ರತಿ ಮನೆಗೂ ಹೋಗುತ್ತಾಳೆ. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತಟ್ಟೆಯ ಮೇಲೆ ಬಾಗಿ ನೋಡುತ್ತಾಳೆ, ಮುಟ್ಟುವುದಿಲ್ಲ. ಹುಳು ಎಷ್ಟೇ ಚೆನ್ನಾಗಿದ್ದರೂ "ನಿಮ್ಮ ಕೈಗುಣ ಕಣಮ್ಮ" ಎಂದು ಹೇಳಿ ಬಂದುಬಿಡುತ್ತಾಳೆ.

ಆ ಎರಡನೇ ಕಟ್ಟುನಿಟ್ಟು ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮದು ಬುದ್ಧನ ಪಟ ಇರುವ ಮನೆ. ಅಪ್ಪ ಬೌದ್ಧರಾಗುವ ಮೊದಲು, ನಮ್ಮಜ್ಜಿಯ ಕಾಲದಲ್ಲಿ, ಎಷ್ಟೋ ಬಾಗಿಲುಗಳು ನಮ್ಮವರನ್ನು ಹೊರಗೇ ನಿಲ್ಲಿಸಿದ್ದವು. ಅಮ್ಮ ಚಾಕಿ ಶುರು ಮಾಡಿದ ಮೊದಲ ವರ್ಷ ಕೆಲವರು ಹುಳು ಒಯ್ದರು, ಆದರೆ ಎಲ್ಲಿಂದ ತಂದೆವು ಎಂದು ಬಾಯಿ ಬಿಡಲಿಲ್ಲ. ಅಮ್ಮ ಅದನ್ನು ನುಂಗಿಕೊಂಡಳು. ಬೆಳೆ ಕೈಹಿಡಿಯಿತು, ಹೆಸರು ತಾನಾಗಿಯೇ ಹಬ್ಬಿತು. ಈಗ ಯಾರೂ ಮುಚ್ಚಿಡುವುದಿಲ್ಲ. ಆದರೂ ಅವಳ ನಾಲಿಗೆಗೆ ಬಿದ್ದ ಗಂಟು ಬಿಚ್ಚಿಕೊಳ್ಳಲಿಲ್ಲ. ನನಗೆ ಅದು ಯಾವತ್ತೂ ಸಿಟ್ಟು ಬರಿಸುವ ವಿಷಯ.

ಇನ್ನು ನನ್ನ ಕಸುಬು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮೂವತ್ತು ಕಂಪ್ಯೂಟರ್‌ಗಳು, ಎಲ್ಲವೂ ವಯಸ್ಸಾದವು. ನಾನು ಅದರ ಇನ್‌ಸ್ಟ್ರಕ್ಟರ್, ವರ್ಷದಿಂದ ವರ್ಷಕ್ಕೆ ಮುಂದುವರಿಸುವ ನೇಮಕ. ಲ್ಯಾಬ್ ಲಿನಕ್ಸ್ ಮೇಲೆ ನಡೆಯುತ್ತಿತ್ತು, ಅದು ಎಲ್ಲೆಲ್ಲಿನವರೋ ಒಂದು ಬಳಗವಾಗಿ ಸೇರಿ ಕಟ್ಟಿ, ಉಚಿತವಾಗಿ ಕೊಡುವ ವ್ಯವಸ್ಥೆ. ಆ ಬೇಸಿಗೆಯಲ್ಲಿ ಹಳೆಯ ಆವೃತ್ತಿಗೆ ರಿಪೇರಿಗಳು ಬರುವುದು ನಿಲ್ಲುವುದಿತ್ತು, ಹೊಸದಕ್ಕೆ ಏರಲೇಬೇಕು. ಹೊಸದರ ಜೊತೆಗೆ ಬರುವ ಲಾಗಿನ್ ಪರದೆಯೋ, ಅಂದರೆ ಕಂಪ್ಯೂಟರ್ ಹಾಕಿದ ಕೂಡಲೇ ಹೆಸರು ಕೇಳಿ, ಪಾಸ್‌ವರ್ಡ್ ಕೇಳಿ ಒಳಗೆ ಬಿಡುವ ಆ ಪುಟ್ಟ ತಂತ್ರಾಂಶ, ನಮ್ಮ ಮುದಿ ಯಂತ್ರಗಳಿಗೆ ಬಲು ಭಾರ. ಹೆಸರಿನ ಮೇಲೆ ಒತ್ತಿ ಕೂತರೆ ಹುಡುಗಿಯರು ಅಷ್ಟರಲ್ಲಿ ಜಡೆ ಹಾಕಿಕೊಂಡು ಮುಗಿಸುತ್ತಿದ್ದರು.

ಹಗುರವಾದ ಇನ್ನೊಂದು ಲಾಗಿನ್ ಪರದೆ ಇತ್ತು. ನಾನು ವರ್ಷಗಳಿಂದ ಬಳಸುತ್ತಿದ್ದದ್ದು ಅದನ್ನೇ. ಕನ್ನಡದಲ್ಲೂ ಮಾತಾಡುತ್ತಿತ್ತು. ಬರೆದವರು ಯಾರೋ ಪುಣ್ಯಾತ್ಮರು ಎಲ್ಲೋ ಇದ್ದರು, ಆದರೆ ಅದನ್ನು ನಮ್ಮ ಲಿನಕ್ಸಿಗೆ ಹೊಂದಿಸಿ ಪ್ಯಾಕೇಜು ಕಟ್ಟಿಡುತ್ತಿದ್ದವರು ಕೈಬಿಟ್ಟಿದ್ದರು. ಬೇರೆ ಯಾರಾದರೂ ವಹಿಸಿಕೊಳ್ಳದಿದ್ದರೆ ಹೊಸ ಆವೃತ್ತಿಯಿಂದ ಇದನ್ನು ತೆಗೆದುಹಾಕುತ್ತೇವೆ ಎಂದು ಆ ಬಳಗದ ಪುಟದಲ್ಲಿ ನೋಟೀಸು ಬಿದ್ದಿತ್ತು. ಮೇ ಕೊನೆಯವರೆಗೆ ಗಡುವು.

ಪ್ಯಾಕೇಜಿಲ್ಲದಿದ್ದರೆ ಕೈಯಾರೆ ಹಾಕಿಕೊಂಡರಾಯಿತು ಎಂದು ನಾನು ಪ್ರಿನ್ಸಿಪಾಲರ ಮುಂದೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನಗಿಂತ ಮೊದಲು ಇದ್ದವರು ಹೀಗೇ ಎಲ್ಲವನ್ನೂ ಕೈಯಾರೆ ಹಾಕಿ, ಕೆಲಸ ಬಿಟ್ಟು ಹೋದ ಮೇಲೆ ಆರು ತಿಂಗಳು ಲ್ಯಾಬಿಗೆ ಬೀಗ ಬಿದ್ದಿತ್ತು.

"ಕೈಕೆಲಸ ಬೇಡಮ್ಮ ಸುಜಾತಾ" ಎಂದರು. "ನಾಳೆ ನೀವು ಇಲ್ದೇ ಇದ್ರೂ ಲ್ಯಾಬ್ ನಡೀಬೇಕು. ಹಂಗೆ ಆಗಲ್ಲ ಅಂದ್ರೆ ಹೇಳಿಬಿಡಿ. ಯಂತ್ರಗಳನ್ನ ಗುಜರಿಗೆ ಹಾಕಿ, ಮಕ್ಕಳನ್ನ ಪ್ರಾಕ್ಟಿಕಲ್ಸ್‌ಗೆ ಗೌರಿಬಿದನೂರಿಗೆ ಕಳಿಸೋಣ. ಅಲ್ಲಿನ ಕಾಲೇಜಿನವರು ಒಪ್ಪಿದ್ದಾರೆ."

ಸಾದಲಿ ಕಡೆಯ ಹುಡುಗಿಯರಿಗೆ ಚಿಕ್ಕಬಳ್ಳಾಪುರ ತಲುಪುವುದಕ್ಕೇ ಎರಡು ಬಸ್ಸು. ಗೌರಿಬಿದನೂರು ಅಂದರೆ ಮೂರನೆಯದು. ಮನೆಯವರು ಒಂದು ದಿನ ಕಳಿಸುತ್ತಾರೆ, ಎರಡನೇ ದಿನ ಬೇಡ ಅನ್ನುತ್ತಾರೆ, ಅದು ನನಗೆ ಓದಿ ಗೊತ್ತಾದ ವಿಷಯವಲ್ಲ. "ಮೇ ಕೊನೆಗೆ ಆಗುತ್ತೆ ಸರ್, ಬಳಗದ ಕಡೆಯಿಂದಲೇ ಬರೋ ಹಾಗೆ ಮಾಡ್ತೀನಿ" ಎಂದುಬಿಟ್ಟೆ. ಪ್ಯಾಕೇಜು ಕಟ್ಟುವುದು ಹೇಗೆಂದು ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಬಾಯಿ ಯಾವಾಗಲೂ ನನಗಿಂತ ಎರಡು ಹೆಜ್ಜೆ ಮುಂದೆ.

ಕಲಿತೆ. ಪ್ಯಾಕೇಜು ಕಟ್ಟುವುದೆಂದರೆ ತಂತ್ರಾಂಶ ಬರೆಯುವುದಲ್ಲ. ಇನ್ನೊಬ್ಬರು ಬರೆದದ್ದು ಯಾರದೋ ಯಂತ್ರದಲ್ಲಿ, ಯಾರೂ ಪಕ್ಕದಲ್ಲಿ ನಿಲ್ಲದೆ, ತಾನಾಗಿ ನೆಲೆಯಾಗುವಂತೆ ಮಾಡುವುದು. ಯಾವ ಕಡತ ಎಲ್ಲಿ ಕೂರಬೇಕು, ಯಾವುದರ ಮಾಲೀಕತ್ವ ಯಾರಿಗಿರಬೇಕು, ಇದಕ್ಕೆ ಬೇರೆ ಏನೇನು ಬೇಕು, ಎಲ್ಲವನ್ನೂ ಬರೆದಿಡಬೇಕು. ಸೋಮವಾರ ಬೆಳಿಗ್ಗೆ ಸಾದಲಿಯಿಂದ ಹೊರಟ ಬಸ್ಸಿನಲ್ಲಿ ಹೂವಿನ ಬುಟ್ಟಿಗಳ ಮಧ್ಯೆ ಕೂತು ಫೋನಿನಲ್ಲಿ ಬಳಗದ ನಿಯಮಗಳನ್ನು ಓದುತ್ತಿದ್ದೆ. ಏಪ್ರಿಲ್ ಬಿಸಿಲಿಗೆ ಲ್ಯಾಬಿನ ಚಾವಣಿಯ ಶೀಟು ಕಾದು, ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು. ಕಿಟಕಿಯಾಚೆ ನಂದಿ ಬೆಟ್ಟ ಬಿಸಿಲ ಝಳಕ್ಕೆ ಮಸುಕಾಗಿ ಅಲುಗಾಡಿದಂತೆ ಕಾಣುತ್ತಿತ್ತು.

ಮೇ ಎರಡನೇ ವಾರಕ್ಕೆ ಪ್ಯಾಕೇಜು ಸಿದ್ಧವಾಯಿತು. ಮೊದಲು ಒಂದು ಯಂತ್ರದಲ್ಲಿ ಹಾಕಿ ಸರಿಮಾಡಿದೆ. ಲ್ಯಾಬುಗಳಲ್ಲಿ ಮುಂದಿನ ರೂಢಿ ಎಂದರೆ, ಆ ಒಂದರ ಡಿಸ್ಕನ್ನು ಹಾಗೆಹಾಗೇ ನಕಲು ಮಾಡಿ ಉಳಿದ ಇಪ್ಪತ್ತೊಂಬತ್ತಕ್ಕೂ ಹಾಕುವುದು. ಹಾಕಿದೆ. ಮೂವತ್ತೂ ಕಣ್ಣು ತೆರೆದವು. ಮೂವತ್ತು ಪರದೆಗಳ ಮೇಲೂ "ನಿಮ್ಮ ಹೆಸರನ್ನು ಆರಿಸಿ" ಎಂಬ ಸಾಲು. ಎದೆಯುಬ್ಬಿಸಿಕೊಂಡು ಪ್ಯಾಕೇಜನ್ನು ಬಳಗಕ್ಕೆ ಕಳಿಸಿದೆ.

ಅದನ್ನು ಪರಿಶೀಲಿಸಿ ಒಪ್ಪಬೇಕಾದವರು ಇಂಗ್ರಿಡ್ ಎಂಬ ಹೆಂಗಸು, ಎಲ್ಲೋ ಚಳಿದೇಶದವರು. ನಾನು ಅವರ ಮುಖ ನೋಡಿಲ್ಲ, ಇವತ್ತಿಗೂ. ಮೂರನೇ ದಿನ ಎರಡು ಸಾಲಿನ ಉತ್ತರ ಬಂತು. "ಖಾಲಿ ಯಂತ್ರದಲ್ಲಿ ಹಾಕಿ ನೋಡಿದೆ. ಕಪ್ಪು ಪರದೆ, ಅದರ ಮೇಲೆ ಮೌಸಿನ ಬಾಣ, ಬೇರೇನೂ ಇಲ್ಲ."

ನನಗೆ ರೇಗಿತು. "ಇಲ್ಲಿ ಮೂವತ್ತು ಯಂತ್ರಗಳಲ್ಲಿ ಚೆನ್ನಾಗಿ ನಡೆಯುತ್ತಿದೆ. ದಯವಿಟ್ಟು ನಿಮ್ಮ ಯಂತ್ರವನ್ನೇ ಒಮ್ಮೆ ಪರೀಕ್ಷಿಸಿಕೊಳ್ಳಿ" ಎಂದು ಬರೆದೆ. ದಯವಿಟ್ಟು ಎಂಬ ಪದದಲ್ಲಿ ದಯೆ ಏನೂ ಇರಲಿಲ್ಲ.

ಅವರು ಬೇಸರಿಸಿಕೊಳ್ಳದೆ ಕೇಳಿದರು: "ಮೂವತ್ತಕ್ಕೂ ಬೇರೆಬೇರೆಯಾಗಿ ಹಾಕಿದಿರಾ, ಒಂದನ್ನೇ ನಕಲು ಮಾಡಿದಿರಾ? ನಕಲಾದರೆ ಅವು ಮೂವತ್ತಲ್ಲ, ಒಂದೇ ಯಂತ್ರ."

ಉತ್ತರ ಬರೆಯದೆ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಗಡುವಿಗೆ ಒಂಬತ್ತು ದಿನ ಉಳಿದಿತ್ತು.

ಭಾನುವಾರ ಸಾದಲಿಯಲ್ಲಿ ಅಮ್ಮ ತಟ್ಟೆಗಳ ಅಂಚಿಗೆ ಒದ್ದೆ ಸ್ಪಂಜಿನ ಪಟ್ಟಿ ಜೋಡಿಸುತ್ತಿದ್ದಳು. ನಾನು ಕಾಲು ತೊಳೆದು ಒಳಗೆ ಹೋಗಿ, ಸೊಪ್ಪು ಹೆಚ್ಚುತ್ತಾ ಇಂಗ್ರಿಡ್ ಮೇಲೆ ದೂರು ಹೇಳಿದೆ. ಅಮ್ಮನಿಗೆ ಲಿನಕ್ಸ್ ಗೊತ್ತಿಲ್ಲ. ಆದರೆ ಜಗಳ ಎಲ್ಲಿದ್ದರೂ ಅವಳಿಗೆ ಅರ್ಥವಾಗುತ್ತದೆ.

"ನಮ್ಮನೇಲಿ ಚೆನ್ನಾಗೈತೆ ಅಂತ ನಾನೂ ಒಂದ್ಸಲ ಹಿಂಗೇ ಕುಣಿದಿದ್ದೆ" ಎಂದಳು ಸ್ಪಂಜು ಹಿಂಡುತ್ತಾ. "ನಂಜಮ್ಮನ ಮನೇದು ನೆನಪೈತಾ?"

ನೆನಪಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗಿನ ಮಾತು. ಪಕ್ಕದೂರಿನ ನಂಜಮ್ಮ ಅಮ್ಮನಿಂದ ಹುಳು ಒಯ್ದು, ಮೂರನೇ ಜ್ವರದಲ್ಲೇ ಅಷ್ಟೂ ಹಾಳಾಗಿತ್ತು. ನೀನು ನೋಡಿಕೊಂಡಿದ್ದು ಸರಿಯಿಲ್ಲ ಎಂದು ಅಮ್ಮ ಅವರ ಮನೆಗೇ ಹೋಗಿ ಕೂಗಾಡಿದ್ದಳು.

"ತಪ್ಪು ನಂದೇ ಕಣಮ್ಮ" ಎಂದಳು ಈಗ. "ಮಧ್ಯಾಹ್ನ ಆಯ್ತಾ ಇದ್ದಂಗೆ ನಾನು ತಂಪಿಗೆ ಕಿಟಕಿಗೆ ಗೋಣಿತಾಟು ನೆನೆಸಿ ಹಾಕ್ತಿದ್ದೆ. ಹಾಕ್ತೀನಿ ಅಂತ ನಂಗೇ ಗ್ಯಾನ ಇರಲಿಲ್ಲ, ಕೈ ತಾನೇ ಮಾಡಿಬಿಡೋದು. ನಂಜಮ್ಮಂಗೆ ಹೆಂಗೆ ಗೊತ್ತಾಗಬೇಕು? ಆಮೇಲೆ ತಾನೆ ನಿನ್ನ ಕೈಲಿ ಚೀಟಿ ಬರೆಸಿದ್ದು. ನಮ್ಮನೇಲಿ ಚೆನ್ನಾಗಿದ್ರೆ ಏನು ಬಂತು, ಒಯ್ದೋರ ಮನೇಲಿ ಏಳಬೇಕು."

ಹುಳುವಿಗೆ ಯಾವ ಹೊತ್ತಿಗೆ ಏನು ಮಾಡಬೇಕೆಂಬ ಆ ಚೀಟಿ ನನಗೆ ಬಾಯಿಪಾಠ. ನೋಟ್‌ಬುಕ್ಕಿನ ಹಾಳೆಯಲ್ಲಿ ನನ್ನ ಗುಂಡಗಿನ ಅಕ್ಷರ. ಹೊಸಬರು ಹುಳು ಒಯ್ಯಲು ಬಂದರೆ ಅಮ್ಮ ಚೀಟಿಯನ್ನು ಅವರ ಕೈಗೆ ಕೊಟ್ಟು, ಒಂದು ಹೊತ್ತಿನ ಕೆಲಸವನ್ನು ನಮ್ಮ ಹುಳು ಮನೆಯಲ್ಲೇ ಅವರಿಂದ ಮಾಡಿಸುತ್ತಿದ್ದಳು. ತಾನು ಕೈ ಬೆನ್ನಿಗೆ ಕಟ್ಟಿ ನಿಲ್ಲುವಳು. ಅವರು ತಡವರಿಸಿದ ಕಡೆ ಬಾಯಿ ಬಿಡುತ್ತಿರಲಿಲ್ಲ. ಅವರು ಹೋದ ಮೇಲೆ ನನ್ನನ್ನು ಕರೆದು ಚೀಟಿಗೆ ಒಂದು ಸಾಲು ಸೇರಿಸುತ್ತಿದ್ದಳು.

ಸೋಮವಾರ ಲ್ಯಾಬಿಗೆ ಹೋದವಳೇ ಅಟೆಂಡರ್ ವೆಂಕಟರಾಯಪ್ಪನವರನ್ನು ಕರೆದೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. ಊರು ಆಂಧ್ರದ ಗಡಿಗೆ ಹತ್ತಿರ, ಮನೆಮಾತು ತೆಲುಗು. ಮೂವತ್ತು ಯಂತ್ರಗಳ ಧೂಳು ಒರೆಸಿದವರೇ ಹೊರತು ಒಂದು ಕೀ ಒತ್ತಿದವರಲ್ಲ. ಸ್ಟೋರಿನಲ್ಲಿ ಬಿದ್ದಿದ್ದ, ಯಾವ ನಕಲೂ ಸೋಕದ ಮೂವತ್ತೊಂದನೇ ಯಂತ್ರವನ್ನು ತರಿಸಿದೆ. ಡಿಸ್ಕನ್ನು ಪೂರ್ತಿ ಅಳಿಸಿ, ಬರೀ ಲಿನಕ್ಸ್ ಹಾಕಿದೆ. ಪ್ಯಾಕೇಜು ಹಾಕುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟೆ.

"ನಾನಾ?" ಎಂದರು.

"ನೀವೇ ಅಣ್ಣ. ನಾನು ಮುಟ್ಟಲ್ಲ."

ಕುರ್ಚಿಯ ತುದಿಯಲ್ಲಿ ಕೂತು, ಒಂದು ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ನಾನು ಕೈ ಬೆನ್ನಿಗೆ ಕಟ್ಟಿ ನಿಂತೆ. ಅದು ಎಷ್ಟು ಕಷ್ಟವೆಂದು ಅಮ್ಮ ಯಾವತ್ತೂ ಹೇಳಿರಲಿಲ್ಲ. ಬೆರಳುಗಳು ತಾವಾಗಿಯೇ ಮುಂದಕ್ಕೆ ಹೋಗುತ್ತಿದ್ದವು, ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡೆ. ಯಂತ್ರ ಆರಿ ಹತ್ತಿತು.

"ಏಮೀ ಇಲ್ಲಮ್ಮ" ಎಂದರು ವೆಂಕಟರಾಯಪ್ಪ. "ಕರ್ರಗೈತೆ. ಒಂದು ಬಾಣ ಮಾತ್ರ ಓಡಾಡ್ತೈತೆ. ನಾನೇನಾದ್ರೂ ತಪ್ಪು ಮಾಡಿದ್ನಾ?"

ಇಂಗ್ರಿಡ್ ಹೇಳಿದ್ದ ಕಪ್ಪು ಪರದೆ ಅಲ್ಲಿತ್ತು. "ನೀವಲ್ಲ ಅಣ್ಣ, ನಾನು" ಎಂದೆ.

ಕುಳಿತು ಹುಡುಕಿದಾಗ ನೆನಪಾಯಿತು. ಮೊಟ್ಟಮೊದಲ ದಿನ, ಮೊದಲ ಯಂತ್ರದಲ್ಲಿ, ಪರದೆ ಬರದೆ ಇದ್ದಾಗ ಅವಸರಕ್ಕೆ ಒಂದು ಫೋಲ್ಡರನ್ನು ಕೈಯಾರೆ ಮಾಡಿ, ಅದನ್ನು ಲಾಗಿನ್ ಪರದೆಯ ವಶಕ್ಕೆ ಕೊಟ್ಟಿದ್ದೆ. ತನ್ನ ಲೆಕ್ಕಪತ್ರ ಇಟ್ಟುಕೊಳ್ಳಲು ಅದಕ್ಕೊಂದು ಜಾಗ ಬೇಕಿತ್ತು. ಮಾಡಿದ್ದು ಅರ್ಧ ನಿಮಿಷದ ಕೆಲಸ. ಮಾಡಿದೆನೆಂಬುದೇ ಮರೆತುಹೋಗಿತ್ತು. ಆ ಯಂತ್ರದ ನಕಲಿನ ಜೊತೆ ಫೋಲ್ಡರೂ ಇಪ್ಪತ್ತೊಂಬತ್ತು ಕಡೆ ಹೋಗಿತ್ತು, ಪ್ಯಾಕೇಜಿನೊಳಗೆ ಮಾತ್ರ ಅದರ ಸುದ್ದಿಯೇ ಇರಲಿಲ್ಲ. ಪ್ರಿನ್ಸಿಪಾಲರು ಬೇಡವೆಂದ ಕೈಕೆಲಸವನ್ನೇ ನಾನು ಮಾಡಿದ್ದೆ. ನಾಚಿಕೆಯಾಯಿತು. ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಫೋಲ್ಡರಿನ ಸಾಲು ಸೇರಿಸಿದೆ. ಯಂತ್ರವನ್ನು ಮತ್ತೆ ಅಳಿಸಿದೆ, ವೆಂಕಟರಾಯಪ್ಪ ಮತ್ತೆ ಕೂತರು. ಈ ಸಲ ಪರದೆ ಬಂತು, ಕನ್ನಡದ ಜಾಗದಲ್ಲಿ ಸಾಲಾಗಿ ಪುಟ್ಟ ಪುಟ್ಟ ಚೌಕಗಳು. "ಇದು ಯಾವ ಭಾಷೆನಮ್ಮ?" ಎಂದು ಕೇಳಿದರು. ಕನ್ನಡದ ಅಕ್ಷರಗಳ ಫಾಂಟನ್ನೂ ನಾನು ಕೈಯಾರೆಯೇ ಹಾಕಿದ್ದೆ. ಅದನ್ನೂ ಬರೆದೆ. ಹೀಗೆ ಗುರುವಾರದ ತನಕ ಅಳಿಸುವುದು, ಹಾಕಿಸುವುದು. ದಿನ ಕಳೆದಂತೆ ವೆಂಕಟರಾಯಪ್ಪನವರ ಬೆರಳು ಚುರುಕಾಯಿತು. ನಾನು ಕಾಫಿಗೆ ಹೋಗಿ ಬರುವಷ್ಟರಲ್ಲಿ ಅವರೇ ಒಮ್ಮೆ ಮುಗಿಸಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದರು.

ಶುಕ್ರವಾರ ಬೆಳಿಗ್ಗೆ ಪರದೆ ಬಂತು, ಪೂರ್ತಿ ಕನ್ನಡದಲ್ಲಿ. ಅವರು ಸಾಲನ್ನು ಜೋರಾಗಿ ಓದಿದರು. ತಮ್ಮ ಹೆಸರಿನ ಮೇಲೆ ಒತ್ತಿ, ನಾನು ಹಿಂದಿನ ದಿನ ಹೇಳಿಕೊಟ್ಟ ಪಾಸ್‌ವರ್ಡ್ ಹಾಕಿ ಒಳಗೆ ಹೋದರು.

"ಬಿಟ್ಟುಬಿಡ್ತಲ್ಲಮ್ಮ ನನ್ನ" ಎಂದರು. ಆಮೇಲೆ ಹೊರಗೆ ಬಂದು ಮತ್ತೊಂದು ಸಲ ಒಳಗೆ ಹೋದರು.

ನನಗೆ ಆ ಕ್ಷಣ ಎಷ್ಟು ಹೆಮ್ಮೆಯಾಯಿತೆಂದು ಹೇಳಲು ಸಂಕೋಚವಿಲ್ಲ. ಪದವಿ ಪಡೆದ ದಿನವೂ ಅಷ್ಟು ಆಗಿರಲಿಲ್ಲ. ಇಂಗ್ರಿಡ್‌ಗೆ ಪ್ಯಾಕೇಜು ಕಳಿಸಿ, ಜೊತೆಗೆ ಬರೆದೆ: "ನೀವು ಹೇಳಿದ್ದು ಸರಿ. ನನ್ನ ಮೂವತ್ತೂ ಒಂದೇ ಯಂತ್ರವಾಗಿದ್ದವು. ಹಿಂದಿನ ಪತ್ರದ ಧಾಟಿಗೆ ಕ್ಷಮೆ ಇರಲಿ. ಈ ಸಲ ಖಾಲಿ ಯಂತ್ರದಲ್ಲಿ ವೆಂಕಟರಾಯಪ್ಪ ಎಂಬವರು ಹಾಕಿ ನೋಡಿದ್ದಾರೆ." ಗಡುವಿಗೆ ಎರಡು ದಿನ ಇರುವಾಗ ಉತ್ತರ ಬಂತು. "ಒಪ್ಪಿದ್ದೇನೆ. ವೆಂಕಟರಾಯಪ್ಪನವರಿಗೆ ನನ್ನ ವಂದನೆ ತಿಳಿಸಿ." ಅದನ್ನು ನಾನು ಅಚ್ಚುಹಾಕಿ ಅವರಿಗೆ ಕೊಟ್ಟೆ. ಷರಟಿನ ಜೇಬಿನಲ್ಲಿ ಮಡಿಸಿಟ್ಟುಕೊಂಡು, ಕ್ಯಾಂಟೀನಿನಲ್ಲಿ ಕಂಡವರಿಗೆಲ್ಲ ತೋರಿಸಿದರು.

ಹೊಸ ಆವೃತ್ತಿ ಬಂದ ಮೇಲೆ ಮೂವತ್ತನ್ನೂ ಅಳಿಸಿ, ನಕಲು ಮಾಡದೆ ಒಂದೊಂದಾಗಿ ಹಾಕಿದೆವು, ನಾನು ಹದಿನೈದು, ವೆಂಕಟರಾಯಪ್ಪ ಹದಿನೈದು. ಜೂನಿನ ಪ್ರಾಕ್ಟಿಕಲ್ಸ್ ನಮ್ಮ ಲ್ಯಾಬಿನಲ್ಲೇ ನಡೆಯಿತು. ಸಾದಲಿ ಕಡೆಯ ಏಳೂ ಹುಡುಗಿಯರು ಬಂದು ಕೂತರು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನೋಡಿ, "ಇನ್ಮೇಲೆ ನೀವು ಧೈರ್ಯವಾಗಿ ರಜಾ ಹಾಕಬಹುದಮ್ಮ" ಎಂದರು. ನನಗೆ ಬೇರೆ ಬಹುಮಾನ ಬೇಕಿರಲಿಲ್ಲ.

ಆ ವಾರ ಮನೆಗೆ ಹೋದಾಗ ಪ್ಯಾಕೇಜಿನ ಪುಟವನ್ನು ಅಮ್ಮನಿಗೆ ತೋರಿಸಿದೆ. ನೋಡಿಕೊಳ್ಳುವವರು ಎಂಬ ಕಡೆ ನನ್ನ ಹೆಸರು ಇತ್ತು. "ಇದನ್ನ ನೀನು ಮಾಡಿದ್ದಾ?" ಎಂದಳು. ಬರೆದವರು ಬೇರೆ, ನಾನು ಬರೀ ಕಟ್ಟಿಕೊಟ್ಟೆ ಎಂದೆ.

"ಮೊಟ್ಟೆ ನಾನಿಡ್ತೀನಾ?" ಎಂದಳು ಅಮ್ಮ. "ನಾನೂ ತಂದು ಸಾಕಿ ಕೊಡೋಳೇ."

ಅಷ್ಟು ಹೇಳಿ ಸೊಪ್ಪು ಹೆಚ್ಚಲು ಎದ್ದುಹೋದಳು. ಮೆಚ್ಚಿದಳೋ ಇಲ್ಲವೋ ತಿಳಿಯಲಿಲ್ಲ.

ಅದಾಗಿ ಕೆಲವು ವರ್ಷ. ಪ್ಯಾಕೇಜು ಈಗಲೂ ನನ್ನ ಹೆಸರಿನಲ್ಲೇ ಇದೆ, ಪ್ರತಿ ಆವೃತ್ತಿಗೂ ಸ್ಟೋರಿನ ಆ ಖಾಲಿ ಯಂತ್ರ ಹೊರಗೆ ಬರುತ್ತದೆ. ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ಗ್ರಂಥಾಲಯದಿಂದ ಒಂದು ಫೋಟೋ ಕಳಿಸಿದಳು. ಕೆಳಗೆ "ಮೇಡಂ, ನಿಮ್ಮ ಪರದೆ ಇಲ್ಲೂ ಐತೆ" ಎಂದು ಬರೆದಿದ್ದಳು. ಅಮ್ಮನಿಗೆ ಹೇಳಿದ್ದೇ ತಡ, ಒಯ್ದವರ ಮನೆಗೆ ಹೋಗಿ ನೋಡಬೇಕು ಎಂದು ಹಟ ಹಿಡಿದಳು. ಹೀಗೆ ನಾವು ಚಿಂತಾಮಣಿಗೆ ಬಂದದ್ದು.

ಕೋಣೆಯೊಳಗೆ ಎಂಟು ಹಳೆಯ ಕಂಪ್ಯೂಟರ್‌ಗಳು. ನೋಡಿಕೊಳ್ಳುತ್ತಿದ್ದವರು ಶಾಹೀನ್ ಎಂಬ ಹೆಂಗಸು. ನಾವು ಬಳಸಲು ಬಂದವರೆಂದುಕೊಂಡು ನನಗೊಂದು ಕುರ್ಚಿ ತೋರಿಸಿದರು. "ಹೆಸರು ಒತ್ತಿ, ಪಾಸ್‌ವರ್ಡ್ ಹಾಕಿ, ಅಷ್ಟೇ ಮೇಡಂ. ಹೆದರ್ಕೋಬೇಡಿ, ಬಹಳ ಸುಲಭ ಇದೆ."

"ಆಗಲಿ" ಎಂದೆ. ಕೊಟ್ಟ ಮೇಲೆ ನಮ್ಮದು ಅನ್ನಬಾರದು. ಅಮ್ಮ ಪಕ್ಕದಲ್ಲೇ ಬರಿಗಾಲಲ್ಲಿ ನಿಂತಿದ್ದಳು.

ಅವಳು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪರದೆಯ ಮೇಲೆ ಬಾಗಿದಳು. ನಾಲ್ಕನೇ ತರಗತಿ ಓದಿದವಳು, ಸಾಲನ್ನು ಮೆಲ್ಲಗೆ ಕೂಡಿಸಿಕೊಂಡು ಓದಿದಳು. ಒಂದಾದ ಮೇಲೊಂದು ಎಂಟೂ ಯಂತ್ರಗಳ ಮುಂದೆ ಹೋಗಿ ಹೀಗೆಯೇ ನಿಂತು, ತಿರುಗಿ ಬಂದಳು.

"ಇದು ತೊಂದ್ರೆ ಗಿಂದ್ರೆ ಕೊಡ್ತದಾ?" ಎಂದು ಶಾಹೀನ್ ಅವರನ್ನು ಕೇಳಿದಳು.

"ಇಲ್ಲಮ್ಮ. ಹಾಕಿದಾಗಿಂದ ಒಂದು ದಿನಾನೂ ಕೈ ಕೊಟ್ಟಿಲ್ಲ."

ನಿಮ್ಮ ಕೈಗುಣ ಕಣಮ್ಮ ಎಂಬ ಮಾತಿಗೆ ನಾನು ಕಾದೆ. ಅಮ್ಮ ಬೆನ್ನ ಹಿಂದಿನ ಕೈ ಬಿಚ್ಚಿ, ಒಂದನ್ನು ನನ್ನ ಹೆಗಲ ಮೇಲಿಟ್ಟಳು.

"ನಮ್ಮದು ಸಾದಲಿ" ಎಂದಳು, ಕೋಣೆಯಲ್ಲಿ ಕೂತಿದ್ದವರಿಗೆಲ್ಲ ಕೇಳುವ ಹಾಗೆ. "ಇವಳು ನನ್ನ ಮಗಳು ಸುಜಾತಾ. ಇದನ್ನ ಮಾಡಿದ್ದು ಇವಳೇ."

ಬರೆದವರು ಬೇರೆ, ನಾನು ಬರೀ ಕಟ್ಟಿಕೊಟ್ಟವಳು ಎಂದು ತಿದ್ದಲು ಬಾಯಿ ತೆರೆದೆ. ಅಮ್ಮನ ಮುಖ ನೋಡಿ, ತಿದ್ದದೆ ಹೆಗಲ ಮೇಲಿನ ಅವಳ ಕೈ ಹಿಡಿದುಕೊಂಡೆ.